ಗರಿಕೆಯ ನೆಲವನ್ನು ಗೆಲ್ಲುವ ಬಗೆ

ಬಹುಕಾಲ ಬೀಳು ಬಿದ್ದ ನೆಲವನ್ನು ಹಸನುಮಾಡಿ ತರಕಾರಿ ಬೆಳೆಯಹೊರಟವನಿಗೆ ಮೊದಲ ವರ್ಷವೇ ಒಂದು ನಿರಾಶೆ ಕಾದಿರುತ್ತದೆ. ಅವನು ಮಳೆ ಬಿದ್ದೊಡನೆ ನೆಲವನ್ನು ಅಗೆದು, ಹುಲ್ಲನ್ನು ಕೊಚ್ಚಿ, ಮಡಿ ಕಟ್ಟಿ, ಬೀಜ ಬಿತ್ತಿ ನೀರು ಹಾಯಿಸುತ್ತಾನೆ. ಕೆಲವು ವಾರಗಳಲ್ಲಿ ಮಡಿಯೇನೋ ಹಸಿರಾಗುತ್ತದೆ. ಆದರೆ ಆ ಹಸಿರು ಬಿತ್ತಿದ ಬೆಳೆಯದಲ್ಲ. ಮೊದಲಿದ್ದುದಕ್ಕಿಂತಲೂ ಒತ್ತಾಗಿ ಗರಿಕೆ ಹಬ್ಬಿರುತ್ತದೆ. ನಡುನಡುವೆ ಜೇಕು ಸೂಜಿಯಂತೆ ತಲೆಯೆತ್ತಿರುತ್ತದೆ. ದುಡಿಮೆಯಲ್ಲಿ ಕೊರತೆಯಾಗಲಿಲ್ಲ, ಆದರೂ ಕಳೆ ಹೆಚ್ಚಿತು. ಇದೇಕೆ ಹೀಗೆ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ವಿಶೇಷವಾದ ಮಹತ್ವವುಂಟು. ಇದು ಕರ್ನಾಟಕದ ಮಧ್ಯ ಒಣವಲಯಕ್ಕೆ ಸೇರಿದ ಸೀಮೆ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರವು 1933ರಲ್ಲಿ ತುಂಬಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂದರೆ ಇಲ್ಲಿ ನೀರು ಎಷ್ಟು ಅಮೂಲ್ಯವೆಂಬುದು ತಿಳಿಯುತ್ತದೆ. ಅಂಥ ನೀರನ್ನು ಕಳೆಗೆ ಕುಡಿಸುವುದು ಸಣ್ಣ ನಷ್ಟವಲ್ಲ. ಅದರಲ್ಲೂ ಇಲ್ಲಿಯ ಹೆಸರಾಂತ ಬೆಳೆಯಾದ ಈರುಳ್ಳಿಗೆ ಕಳೆಯನ್ನು ತಡೆಯುವ ಶಕ್ತಿ ಬಹಳ ಕಡಮೆ. ಅದರ ಎಲೆ ಕೊಳವೆಯಂತೆ ನೆಟ್ಟಗೆ ನಿಲ್ಲುವುದರಿಂದ ನೆಲಕ್ಕೆ ನೆರಳಾಗದು; ಬೇರೂ ಆಳಕ್ಕೆ ಹೋಗದು.

ಶತ್ರುವನ್ನು ಗೆಲ್ಲಬೇಕಾದರೆ ಮೊದಲು ಅವನ ಗುರುತು ತಿಳಿಯಬೇಕು. ಉತ್ತರ ಕರ್ನಾಟಕದಲ್ಲಿ ಕರಿಕೆಯೆನ್ನುವ ಗರಿಕೆ ನಿಜವಾದ ಹುಲ್ಲು. ಅದರ ಕಾಂಡದಲ್ಲಿ ಗೆಣ್ಣುಗಳುಂಟು. ನೆಲದ ಮೇಲೆ ಹರಿಯುವ ಬಳ್ಳಿಯೂ ಉಂಟು, ನೆಲದೊಳಗೆ ಹರಿಯುವ ಬಿಳಿಯ ಕಾಂಡವೂ ಉಂಟು. ನಾವು ಬೇರೆಂದು ಭಾವಿಸುವ ಈ ಬಿಳಿಯ ದಾರ ಬೇರಲ್ಲ, ಕಾಂಡವೇ. ಜೇಕಾದರೋ ಹುಲ್ಲಿನಂತೆ ಕಂಡರೂ ಹುಲ್ಲಿನ ಕುಟುಂಬಕ್ಕೆ ಸೇರಿದುದಲ್ಲ. ಅದರ ಹೂವಿನ ಕಡ್ಡಿಯನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಮೂಲೆಗಳು ತಗಲುತ್ತವೆ, ಗೆಣ್ಣು ಸಿಗುವುದಿಲ್ಲ. ನೆಲದೊಳಗೆ ಅದರ ಗಡ್ಡೆಗಳು ಮಣಿಸರದಂತೆ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಔಷಧಿಯ ಅಂಗಡಿಯಲ್ಲಿ ಭದ್ರಮುಷ್ಟಿಯೆಂದು ಮಾರುವ ಪರಿಮಳದ ಗಡ್ಡೆ ಇದೇ. ಹೋಮ್ ಮತ್ತು ಅವರ ಸಂಗಡಿಗರು 1977ರಲ್ಲಿ ಪ್ರಕಟಿಸಿದ ಲೋಕದ ಅತಿ ಕೆಟ್ಟ ಕಳೆಗಳ ಪಟ್ಟಿಯಲ್ಲಿ ಜೇಕಿಗೆ ಮೊದಲನೆಯ ಸ್ಥಾನ, ಗರಿಕೆಗೆ ಎರಡನೆಯದು.

ಈಗ ನಮ್ಮ ಪ್ರಶ್ನೆಗೆ ಬರೋಣ. ಗರಿಕೆಯ ಒಂದೊಂದು ಗೆಣ್ಣಿನಲ್ಲಿಯೂ ಒಂದು ಮೊಗ್ಗು ಮಲಗಿರುತ್ತದೆ. ಒಂದು ಮಾರು ಕಾಂಡವನ್ನು ಗುದ್ದಲಿಯಿಂದ ಹತ್ತು ತುಂಡು ಮಾಡಿ ಹಸಿಮಣ್ಣಿನಲ್ಲಿ ಬಿಟ್ಟರೆ ಹತ್ತು ಗಿಡ ನೆಟ್ಟಂತೆಯೇ ಆಯಿತು. ಜೇಕಿನ ವಿಚಾರ ಇನ್ನೂ ಸೋಜಿಗವಾದುದು. ಗಡ್ಡೆಗಳ ಸರ ಅಖಂಡವಾಗಿರುವವರೆಗೆ ತುದಿಯ ಮೊಗ್ಗು ಉಳಿದವುಗಳನ್ನು ಅಂಕೆಯಲ್ಲಿಟ್ಟುಕೊಂಡಿರುತ್ತದೆ. ಸರ ಕಡಿಯಿತೆಂದರೆ ಆ ಅಂಕೆ ತಪ್ಪಿ ಮಲಗಿದ್ದ ಗಡ್ಡೆಗಳೆಲ್ಲ ಮೊಳೆಯುತ್ತವೆ. ಹಸಿನೆಲದಲ್ಲಿ ಒಮ್ಮೆ ಅಗೆದು ಸುಮ್ಮನಾಗುವುದು ಕಳೆಯನ್ನು ಕೊಲ್ಲುವ ಕೆಲಸವಲ್ಲ, ನಾಟಿ ಮಾಡುವ ಕೆಲಸ.

ಅದೇ ಗುದ್ದಲಿ ಬೇಸಗೆಯಲ್ಲಿ ಕಳೆಗೆ ಮೃತ್ಯುವಾಗುತ್ತದೆ. ಗರಿಕೆಯ ಕಾಂಡವಾಗಲಿ ಜೇಕಿನ ಗಡ್ಡೆಯಾಗಲಿ ಒಣಗುವುದನ್ನು ತಾಳಲಾರದು. ಹೆಚ್ಚಿನ ಗಡ್ಡೆಗಳು ಮೇಲಿನ ಒಂದು ಗೇಣು ಮಣ್ಣಿನಲ್ಲಿಯೇ ಇರುವುದರಿಂದ ಅವುಗಳನ್ನು ಬಿಸಿಲಿಗೆ ತರುವುದು ಅಸಾಧ್ಯವೇನಲ್ಲ. ಮಾಗಿ ಉಳುಮೆಯ ಒಂದು ಗುಟ್ಟು ಇದೇ. ಹಿಂಗಾರಿನ ಪೈರು ತೆಗೆದೊಡನೆ, ನೆಲದಲ್ಲಿ ಇನ್ನೂ ಅಲ್ಪ ತೇವವಿರುವಾಗ ಆಳವಾಗಿ ಉತ್ತು, ಅಶ್ವಿನಿ ಭರಣಿ ಮಳೆಗಳು ಬರುವವರೆಗೆ ಬಿಸಿಲು ಕಾಯಲು ಬಿಡಬೇಕು. ಹಿರಿಯೂರಿನ ಕಡೆಯ ಎರೆಮಣ್ಣು ದೊಡ್ಡ ದೊಡ್ಡ ಹೆಂಟೆಗಳಾಗಿ ಏಳುತ್ತದೆ. ಅವುಗಳನ್ನು ಆಗಲೇ ಒಡೆಯಬಾರದು. ಕೆಳಗಿನ ತೇವದ ಸಂಬಂಧ ಕಡಿದುಹೋದ ಹೆಂಟೆ ಒಳಗಿನ ಗರಿಕೆಯೊಡನೆ ಒಣಗುತ್ತದೆ. ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಹೆಚ್ಚಾಗಿರುವ ಕೆಮ್ಮಣ್ಣು ಪುಡಿಯಾಗುವ ಜಾತಿಯದು. ಅಲ್ಲಿ ಹಲುಬೆ ಎಳೆದು ಕಾಂಡಗಳನ್ನು ಆರಿಸಿ ಗುಡ್ಡೆ ಹಾಕಬಹುದು. ಆ ಗುಡ್ಡೆ ಪೂರ್ಣವಾಗಿ ಒಣಗುವವರೆಗೆ ತಿಪ್ಪೆಗೆ ಸೇರಬಾರದು.

ಬಿಸಿಲಿಗೆ ಸಿಕ್ಕದೆ ಉಳಿದ ಜೇಕನ್ನು ಉಪವಾಸ ಕೆಡವಬೇಕು. ಮೊಳಕೆ ಮೇಲೇಳುವುದು ಗಡ್ಡೆಯ ಬುತ್ತಿಯನ್ನು ತಿಂದು. ಎಲೆ ಬಲಿತ ಮೇಲೆ ಗಿಡ ಆ ಸಾಲವನ್ನು ತೀರಿಸಿ, ಕೆಲವೇ ವಾರಗಳಲ್ಲಿ ಹೊಸ ಗಡ್ಡೆ ಕಟ್ಟತೊಡಗುತ್ತದೆ. ಅದಕ್ಕೆ ಮೊದಲೇ, ಎರಡು ವಾರಕ್ಕೊಮ್ಮೆ ತಪ್ಪದೆ ಕಿತ್ತರೆ ಬುತ್ತಿ ಬರಿದಾಗುತ್ತದೆ. ನಡುವೆ ಒಂದು ತಿಂಗಳು ಬಿಟ್ಟರೆ ಹಿಂದಿನ ಶ್ರಮವೆಲ್ಲ ವ್ಯರ್ಥ.

ಇಸ್ರೇಲಿನ ಕಾಟಾನ್ ಮತ್ತು ಅವರ ಸಂಗಡಿಗರು 1976ರಲ್ಲಿ ಇನ್ನೊಂದು ಬಗೆಯನ್ನು ವಿವರಿಸಿದರು. ಮಣ್ಣಿನ ರೋಗಾಣುಗಳನ್ನು ಕೊಲ್ಲಲೆಂದು ಅವರು ಹಸಿನೆಲದ ಮೇಲೆ ತೆಳುವಾದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಹೊದಿಸಿ ಬಿಸಿಲಿನಿಂದಲೇ ಮಣ್ಣನ್ನು ಕಾಯಿಸಿದರು. ಹಲವು ಕಳೆಗಳ ಬೀಜಗಳೂ ಮೇಲ್ಮಣ್ಣಿನ ಗರಿಕೆಯೂ ಇದರಿಂದ ಸಾಯುತ್ತವೆ. ಜೇಕಿನ ಗಡ್ಡೆ ಮಾತ್ರ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ಅದರ ಮೊನೆಯಾದ ಮೊಳಕೆ ಹಾಳೆಯನ್ನೇ ತೂರಿ ಬರಬಲ್ಲುದು. ಗ್ಲೈಫೋಸೇಟಿನಂಥ ಕಳೆನಾಶಕ ಹಸುರೆಲೆಯ ಮೂಲಕ ಇಳಿಯತಕ್ಕದ್ದು; ಬೆಳೆಯ ಎಲೆಗೆ ತಗಲಿದರೆ ಬೆಳೆಯನ್ನೂ ಕೊಲ್ಲುತ್ತದೆ. 2022ರ ಅಕ್ಟೋಬರಿನಲ್ಲಿ ಭಾರತ ಸರಕಾರವು ಅದರ ಬಳಕೆಯನ್ನು ಕೀಟನಿಯಂತ್ರಣದ ಪರವಾನಗಿದಾರರಿಗೆ ಮಿತಗೊಳಿಸಿ ಅಧಿಸೂಚನೆ ಹೊರಡಿಸಿತು.

ಇನ್ನು ಬೆಳೆಯ ಆಯ್ಕೆ. ಗರಿಕೆಗೂ ಜೇಕಿಗೂ ನೆರಳು ಒಗ್ಗದು. ಆದುದರಿಂದ ಹೊಸ ನೆಲದಲ್ಲಿ ಮೊದಲ ವರ್ಷವೇ ಈರುಳ್ಳಿ, ಕೊತ್ತಂಬರಿಗಳನ್ನು ಹಾಕುವುದಕ್ಕಿಂತ ಅಲಸಂದೆ, ಹುರುಳಿ, ಕುಂಬಳದಂಥ ನೆಲ ಮುಚ್ಚುವ ಬೆಳೆಗಳನ್ನು ಇಡುವುದು ಲೇಸು. ಬದುವಿನ ಗರಿಕೆಯನ್ನು ಪೂರ್ತಿ ಕೀಳಬೇಕಾಗಿಲ್ಲ. ಅದು ಮಣ್ಣು ಕೊಚ್ಚಿಹೋಗದಂತೆ ಹಿಡಿಯುತ್ತದೆ, ದನಕ್ಕೆ ಮೇವಾಗುತ್ತದೆ. ಬದುವಿಗೂ ಮಡಿಗೂ ನಡುವೆ ಒಂದು ಗೇಣಗಲದ ಕಾಲುವೆ ತೋಡಿ, ಅದನ್ನು ದಾಟಿಬರುವ ಬಳ್ಳಿಯನ್ನು ಆಗಾಗ ಕತ್ತರಿಸಿದರೆ ಸಾಕು.

ಇಷ್ಟರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಕಳೆಯೊಡನೆ ಹೋರಾಡುವಾಗ ತೋಳಿನ ಬಲಕ್ಕಿಂತ ಕಾಲದ ತಿಳಿವಳಿಕೆ ದೊಡ್ಡದು. ಬೆಳೆಗಾರನಿಗೆ ಕಷ್ಟಕೊಡುವ ಚಿತ್ರದುರ್ಗದ ಬಿಸಿಲು ಈ ಒಂದು ಕೆಲಸದಲ್ಲಿ ಕೂಲಿ ಕೇಳದ ಆಳು. ಅದು ಕೆಲಸಕ್ಕೆ ಬರುವ ಹೊತ್ತಿಗೆ ನೆಲವನ್ನು ಉತ್ತಿಟ್ಟಿರುವುದಷ್ಟೇ ನಮ್ಮ ಪಾಲಿನದು.