ನಶೆ ಹತ್ತುವ ಮೊದಲಿನ ಮಿದುಳು

ಎಂಆರ್‌ಐ ಕೋಣೆಗೆ ಹೋಗುವ ಮುನ್ನ ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಬೇಕು. ಕೈಯ ಕಡಗ, ತೋಳಿನ ತಾಯಿತ ತೆಗೆಯಲು ಕಷ್ಟವೇನೂ ಆಗಲಿಲ್ಲ. ಬೆಳ್ಳಿ ಉಡದಾರಕ್ಕೆ ಬಂದಾಗ ಕೈ ನಿಂತಿತು. ನಮ್ಮ ಕಡೆ ಹೆಂಡತಿ ಸತ್ತವನ ಉಡದಾರ ಹರಿಯುತ್ತಾರೆ. ನನ್ನವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಬಿಟ್ಟೂಬಿಡದ ತಲೆನೋವೆಂದು ಕಲಬುರಗಿಗೆ ಹೋಗಿದ್ದೆವು. ಬಿಚ್ಚಿ ಅವಳ ಕೈಗೇ ಕೊಟ್ಟು ಒಳಗೆ ಹೋಗಿ ಮಲಗಿದೆ. ಇಪ್ಪತ್ತು ನಿಮಿಷ ಕಿವಿಯ ಹತ್ತಿರವೇ ಯಾರೋ ತಗಡು ಬಡಿದಂಥ ಸದ್ದು.

ವಾಪಸ್ ಬರುವ ಬಸ್ಸು ಶಹಾಪುರ ದಾಟುವಾಗ, ಬಗಲಲ್ಲಿ ಕೂತಿದ್ದ ಹಿರಿಯರೊಬ್ಬರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ತಿಂಥಣಿ ಮೌನೇಶ್ವರನ ದರ್ಶನಕ್ಕೆ ಹೊರಟವರು. "ಯಪ್ಪಾ, ಗಾಂಜಾ ಸೇದಿದ್ದು ಇದ್ರಾಗ ಕಾಣಸ್ತದೇನು? ನಮ್ಮ ಮೊಮ್ಮಗ ಬೆಂಗಳೂರಾಗ ದುಡೀಲಿಕ್ಕೆ ಹೋಗ್ಯಾನ" ಎಂದರು. ಸುರಪುರದಲ್ಲಿ ನಾನು ಇಳಿಯುವವರೆಗೂ ನನ್ನ ಬಾಯಿಂದ ಉತ್ತರ ಬರಲಿಲ್ಲ. ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಫಿಲ್ಮಿನಲ್ಲಿ ಕಾಣುವುದಿಲ್ಲ. ಒಬ್ಬನ ಸ್ಕ್ಯಾನ್ ನೋಡಿ ಇವನು ಗಾಂಜಾ ಸೇದಿದವನು ಎಂದು ಯಾವ ವೈದ್ಯರೂ ಹೇಳಲಾರರು. ಸಂಶೋಧಕರು ನೂರಾರು ಜನರ ಚಿತ್ರಗಳನ್ನು ಒಟ್ಟಿಗೆ ಇಟ್ಟು ಸರಾಸರಿ ತೆಗೆಯುತ್ತಾರೆ; ವ್ಯತ್ಯಾಸ ಹೊರಡುವುದು ಅಲ್ಲಿ. ಎಂಆರ್‌ಐ ದೇಹದ ನೀರಿನಲ್ಲಿರುವ ಜಲಜನಕದಿಂದ ಚಿತ್ರ ಬಿಡಿಸಿದರೆ, ಪೆಟ್ ಸ್ಕ್ಯಾನ್‌ನಲ್ಲಿ ಸ್ವಲ್ಪವೇ ವಿಕಿರಣ ಸೂಸುವ ವಸ್ತುವನ್ನು ರಕ್ತಕ್ಕೆ ಬಿಟ್ಟು ಅದು ಮಿದುಳಿನಲ್ಲಿ ಎಲ್ಲೆಲ್ಲಿ ಹೋಗಿ ಅಂಟಿತು ಎಂದು ನೋಡುತ್ತಾರೆ.

ತಿಂಥಣಿಗೆ ಗಾಂಜಾದ ಮಾತು ಹೊಸದಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸಿನಿಮಾ ಮಂದಿಯ ಡ್ರಗ್ಸ್ ಪ್ರಕರಣ ಎಲ್ಲರ ಬಾಯಲ್ಲಿದ್ದಾಗ, ಇಲ್ಲಿನ ಜಾತ್ರೆಯಲ್ಲಿ ಗಾಂಜಾ ಪ್ರಸಾದವೆಂದು ಸಿಗುತ್ತದೆ ಎಂದು ಪತ್ರಿಕೆಗಳು ಬರೆದವು. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಗುಡಿಯನ್ನು ಅದೊಂದು ಸುದ್ದಿಯಲ್ಲಿ ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ಅಂದು ಯಾರೂ ಕೇಳದ ಪ್ರಶ್ನೆಯೊಂದಿತ್ತು: ವರ್ಷಕ್ಕೊಮ್ಮೆ ಚಿಲುಮೆ ಹಿಡಿಯುವ ಸಾಧುವಿಗೂ ದಿನಾ ಸೇದುವ ಹದಿನಾರರ ಹುಡುಗನಿಗೂ ತಲೆಯೊಳಗೆ ಆಗುವುದು ಒಂದೇ ಏನು?

ಮಿದುಳಿನ ಜೀವಕೋಶಗಳ ಮೇಲೆ ಸಿಬಿ-1 ಎಂಬ ಗ್ರಾಹಕಗಳಿವೆ. ಗಾಂಜಾದಲ್ಲಿ ನಶೆ ತರುವ ಟಿಎಚ್‌ಸಿ ಹೋಗಿ ಕೂರುವುದು ಅಲ್ಲೇ. ಅವು ಇರುವುದು ಗಾಂಜಾಕ್ಕಾಗಿ ಅಲ್ಲ, ಮಿದುಳು ತಾನೇ ತಯಾರಿಸಿಕೊಳ್ಳುವ ವಸ್ತುವಿಗಾಗಿ. 1992ರಲ್ಲಿ ಜೆರುಸಲೇಮಿನಲ್ಲಿ ರಫಾಯೆಲ್ ಮೆಕೋಲಂ ತಂಡ ಅದನ್ನು ಕಂಡುಹಿಡಿದು ಆನಂದಮೈಡ್ ಎಂದು ಕರೆಯಿತು. ಸಂಸ್ಕೃತದ ಆನಂದವೇ ಅದು. ದಿನಾ ಗಾಂಜಾ ಸೇದುವವರಲ್ಲಿ ಈ ಗ್ರಾಹಕಗಳು ಮಿದುಳಿನ ಹೊರಪದರದಲ್ಲಿ ಶೇ 20ರಷ್ಟು ಕಡಿಮೆಯಾಗಿದ್ದನ್ನು 2012ರಲ್ಲಿ ಅಮೆರಿಕದ ಪೆಟ್ ಅಧ್ಯಯನವೊಂದು ತೋರಿಸಿತು. ಸುಮಾರು ನಾಲ್ಕು ವಾರ ಬಿಟ್ಟ ಮೇಲೆ ಅವು ಮತ್ತೆ ಮೊದಲಿನ ಮಟ್ಟಕ್ಕೆ ಬಂದವು. ಆ ಅಜ್ಜನಿಗೆ ಮೊದಲು ಹೇಳಬೇಕಾಗಿದ್ದ ಮಾತು ಇದು.

ಹದಿಹರೆಯದ ಕಥೆ ಅಷ್ಟು ಹಗುರವಲ್ಲ. ಯುರೋಪಿನ ಇಮಾಜೆನ್ ಅಧ್ಯಯನದಲ್ಲಿ, 14ರ ವಯಸ್ಸಿನಲ್ಲಿ ಇನ್ನೂ ಗಾಂಜಾ ಮುಟ್ಟದಿದ್ದ 799 ಮಕ್ಕಳ ಎಂಆರ್‌ಐ ತೆಗೆದು, ಐದು ವರ್ಷದ ಮೇಲೆ ಮತ್ತೆ ತೆಗೆದರು. ಆ ನಡುವೆ ಹೆಚ್ಚು ಸೇದಿದವರ ಹಣೆಯ ಹಿಂದಿನ ಮಿದುಳಿನ ಪದರ ಹೆಚ್ಚು ತೆಳುವಾಗಿತ್ತು. ತಡೆದುಕೊಳ್ಳುವ, ಮುಂದಾಲೋಚಿಸುವ ಕೆಲಸ ಆ ಭಾಗದ್ದು.

ಮುಟ್ಟುವ ಮೊದಲೇ ಒಮ್ಮೆ ತೆಗೆದು ಐದು ವರ್ಷ ಕಾದದ್ದೇ ಆ ಅಧ್ಯಯನದ ಬೆಲೆ. ಚಟ ಹತ್ತಿದ ಮೇಲಷ್ಟೇ ಸ್ಕ್ಯಾನ್ ಮಾಡಿದರೆ ಆ ವ್ಯತ್ಯಾಸ ನಶೆ ತಂದದ್ದೋ, ಮೊದಲೇ ಇದ್ದದ್ದೋ ತಿಳಿಯುವುದಿಲ್ಲ. ಕುಡಿತದ ವಿಷಯದಲ್ಲಿ ಇದನ್ನು ಬಿಡಿಸಿ ನೋಡಿದವರು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದ್ದರು. ಡಾ. ವಿವೇಕ ಬೆನೆಗಲ್ ಮತ್ತು ಜೊತೆಗಾರರು ಕುಡಿತಕ್ಕೆ ಬಿದ್ದವರ ಮನೆಯಲ್ಲಿ ಹುಟ್ಟಿ, ತಾವು ಮಾತ್ರ ಇನ್ನೂ ಹನಿ ಮುಟ್ಟದವರ ಮಿದುಳಿನ ಚಿತ್ರ ತೆಗೆದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅವರ ಮಿದುಳಿನ ಕೆಲವು ಭಾಗಗಳು, ಭಾವನೆಗೆ ಸಂಬಂಧಿಸಿದ ಅಮಿಗ್ಡಲವೂ ಸೇರಿ, ಉಳಿದವರಿಗಿಂತ ಚಿಕ್ಕವಾಗಿದ್ದವು. ಗ್ಲಾಸು ಕೈಗೆ ಬರುವ ಮುಂಚೆಯೇ! ಅಪ್ಪನ ಚಟಕ್ಕೆ ಮಗನನ್ನು ಬೈಯುವ ನಮ್ಮ ಊರುಗಳಲ್ಲಿ ಇದನ್ನು ಕಟ್ಟೆಕಟ್ಟೆಗೂ ಹೋಗಿ ಹೇಳಬೇಕೆನಿಸುತ್ತದೆ. ಮುಂದೆ ನಿಮ್ಹಾನ್ಸ್ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜು ಸೇರಿ ಇದೇ ಪ್ರಶ್ನೆಯ ಮೇಲೆ ಸಿ-ವೇದಾ ಎಂಬ ಅಧ್ಯಯನ ಕೈಗೊಂಡವು. 6ರಿಂದ 23 ವರ್ಷದವರು, ದೇಶದ ಏಳು ಕೇಂದ್ರಗಳು. ಕರ್ನಾಟಕದ ಕೇಂದ್ರಗಳು ಬೆಂಗಳೂರು ಮತ್ತು ಮೈಸೂರಿನಲ್ಲಿ. ಗುಳೆ ಹೋಗುವ ನಮ್ಮ ಮನೆಗಳ ಮಕ್ಕಳೂ ಇಂಥ ಲೆಕ್ಕಕ್ಕೆ ಬರಬೇಕು.

ಯಾಕೆಂದರೆ ಇಲ್ಲಿಯ ನಶೆಯೇ ಬೇರೆ. ಗುರುಮಠಕಲ್ ಕಡೆಯ ತೆಲಂಗಾಣ ಗಡಿಯಲ್ಲೂ ರಾಯಚೂರಿನಲ್ಲೂ ಸೇಂದಿ ಎಂದು ಮಾರುವುದರಲ್ಲಿ ಈಚಲು ಮರದ್ದು ಎಷ್ಟೋ, ಸಿ.ಎಚ್. ಪೌಡರ್ ಎಷ್ಟೋ. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್. 1832ರಲ್ಲಿ ಜರ್ಮನಿಯಲ್ಲಿ ತಯಾರಾಗಿ, 1869ರಲ್ಲಿ ನಿದ್ದೆಯ ಔಷಧವಾಯಿತು. ಸ್ಕ್ಯಾನ್ ಯಂತ್ರದಲ್ಲಿ ಅಲುಗಾಡದೆ ಮಲಗಲೆಂದು ಪುಟ್ಟ ಮಕ್ಕಳಿಗೆ ವೈದ್ಯರು ಅಳತೆ ಮಾಡಿ ಕುಡಿಸುತ್ತ ಬಂದದ್ದೂ ಇದೇ. ಆಸ್ಪತ್ರೆಯಲ್ಲಿ ಮಗುವಿನ ತೂಕ ನೋಡಿ ಕೊಡುವುದನ್ನು ಇಲ್ಲಿ ಕೊಡದೊಳಗಿನ ನೀರಿಗೆ ಕಣ್ಣಳತೆಯಲ್ಲಿ ಕಲಸುತ್ತಾರೆ.

ಕುಡಿಯುವವರ ಮಿದುಳು ಆ ಪುಡಿಗೆ ಒಗ್ಗಿಹೋಗಿರುತ್ತದೆ. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಕಳ್ಳಿನ ಮೇಲೆ ದಾಳಿ ಬಿಗಿಯಾದಾಗ, ಒಮ್ಮೆಲೇ ಕುಡಿತ ನಿಂತವರು ನಡುಕ, ಫಿಟ್ಸ್, ಭ್ರಮೆ ಎಂದು ಆಸ್ಪತ್ರೆ ಸೇರಿದರು, ಕೆಲವರು ಸತ್ತರು. ಆಣೆ ಹಾಕಿಸಿ, ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ ಎಂದು ಮನೆಯವರನ್ನು ಕೈಮುಗಿದು ಕೇಳುತ್ತೇನೆ. ಮೊದಲು ಜಿಲ್ಲಾ ಆಸ್ಪತ್ರೆಯ ವೈದ್ಯರಿಗೆ ತೋರಿಸಿ. ಔಷಧ ಕೊಟ್ಟು, ಹಂತಹಂತವಾಗಿ ಬಿಡಿಸುತ್ತಾರೆ. ಹೋಗಲು ಸಂಕೋಚವಾದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಮಾಡಿದರೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.