ಉಗಿಯಿಲ್ಲದ ಒತ್ತಡ

ಎಸ್ಪ್ರೆಸ್ಸೊ ಯಂತ್ರದ ಮುಳ್ಳು 1.2 ಬಾರ್ ತೋರಿಸುತ್ತಿದೆ. ದೀಪ ಆರಿದೆ, ಬಾಯ್ಲರ್ ಕಾದಿದೆ ಎಂದರ್ಥ. ಹಾಲಿನ ಪಾತ್ರೆಗೆ ನಳಿಕೆ ಇಳಿಸಿ ಉಗಿ ಬಿಟ್ಟರೆ ಮೂರು ನಾಲ್ಕು ಸೆಕೆಂಡು ಬುಸ್ಸೆಂದು, ಆಮೇಲೆ ಉಸಿರೇ ನಿಂತುಹೋಗುತ್ತದೆ. ಹಾಲು ಇನ್ನೂ ಬೆಚ್ಚಗೂ ಆಗಿಲ್ಲ. ಮುಳ್ಳು ಕೆಟ್ಟಿದೆ ಎಂದುಕೊಂಡು ಹೊಸದು ಹಾಕಿಸುವವರಿದ್ದಾರೆ, ಕಾಯಿಸುವ ಕಾಯಿಲ್ ಬದಲಿಸುವವರೂ ಇದ್ದಾರೆ. ಬಹಳ ಸಲ ಎರಡೂ ಸರಿಯಾಗಿಯೇ ಇರುತ್ತವೆ. ಮುಳ್ಳು ತೋರಿಸುವ ಒತ್ತಡವೂ ನಿಜವೇ. ಆದರೆ ಆ ಒತ್ತಡ ಉಗಿಯದಲ್ಲ, ಗಾಳಿಯದು.

ಕುಕ್ಕರಿನಲ್ಲಿ ಅಡುಗೆ ಮಾಡುವವರಿಗೆ ಇದರ ಗುಟ್ಟು ಗೊತ್ತಿದೆ. ಮುಚ್ಚಳದ ತೂತಿನಿಂದ ಉಗಿ ಒಂದೇ ಸಮ ಬರತೊಡಗಿದ ಮೇಲೆಯೇ ಅವರು ವೇಟ್ ಇಡುತ್ತಾರೆ. ಅಷ್ಟರಲ್ಲಿ ಒಳಗಿನ ಗಾಳಿ ಹೊರಗೆ ಹೋಗಿರುತ್ತದೆ. ಎಸ್ಪ್ರೆಸ್ಸೊ ಯಂತ್ರದಲ್ಲಿ ಇದೇ ಕೆಲಸ ಮಾಡಲು ಬಾಯ್ಲರಿನ ತಲೆಯ ಮೇಲೆ ಬೆರಳಿನ ಗಾತ್ರದ ಒಂದು ಹಿತ್ತಾಳೆಯ ವಾಲ್ವ್ ಇದೆ. ತಣ್ಣಗಿರುವಾಗ ಅದರೊಳಗಿನ ಪುಟ್ಟ ದಿಂಡು ತನ್ನ ಭಾರಕ್ಕೇ ಕೆಳಗಿಳಿದು ದಾರಿ ತೆರೆದಿರುತ್ತದೆ. ನೀರು ಕಾದು ಉಗಿ ಎದ್ದಾಗ ಮೊದಲು ಗಾಳಿ ಆಚೆ ಹೋಗುತ್ತದೆ, ಬಳಿಕ ಉಗಿಯೇ ದಿಂಡನ್ನು ಮೇಲೆತ್ತಿ ದಾರಿ ಮುಚ್ಚುತ್ತದೆ. ಸುಣ್ಣದ ಕರೆ ಕಟ್ಟಿಯೋ ರಬ್ಬರ್ ರಿಂಗ್ ಅಂಟಿಕೊಂಡೋ ಈ ದಿಂಡು ಮೇಲೆಯೇ ಸಿಕ್ಕಿಬಿದ್ದರೆ ಗಾಳಿ ಒಳಗೇ ಉಳಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ನಮ್ಮ ದೇವರಗುಡ್ಡ, ರಾಣೆಬೆನ್ನೂರು ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಇಲ್ಲಿ ವಾತಾವರಣದ ಒತ್ತಡ ಹೆಚ್ಚುಕಡಿಮೆ 0.94 ಬಾರ್, ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ಮುಳ್ಳು ತೋರಿಸುವ 1.2 ಬಾರ್ ಈ ವಾತಾವರಣದ ಮೇಲಿನ ಹೆಚ್ಚುವರಿ, ಒಟ್ಟು ಒತ್ತಡ 2.14 ಬಾರ್. ಒಳಗೆ ಬರೀ ಉಗಿಯಿದ್ದರೆ ಈ ಒತ್ತಡಕ್ಕೆ ನೀರು ಸುಮಾರು 122 ಡಿಗ್ರಿ ಕಾದಿರಬೇಕು. ಗಾಳಿ ಸಿಕ್ಕಿಕೊಂಡಿದ್ದರೆ ಕತೆಯೇ ಬೇರೆ. 27 ಡಿಗ್ರಿಯಲ್ಲಿ 0.94 ಬಾರ್ ಇದ್ದ ಗಾಳಿ ನೂರರ ಸಮೀಪ ಬಂದಾಗ ಹಿಗ್ಗಲು ಜಾಗವಿಲ್ಲದೆ ತಾನೊಂದೇ 1.17 ಬಾರ್ ಒತ್ತುತ್ತದೆ. ಉಳಿದದ್ದನ್ನು ಉಗಿ ತುಂಬಿದರೆ ಸಾಕು. ನೀರು 99 ಡಿಗ್ರಿ ತಲುಪುವಷ್ಟರಲ್ಲಿ ಮುಳ್ಳು 1.2ಕ್ಕೆ ಬಂದು, ಒತ್ತಡ ನೋಡಿ ಕರೆಂಟ್ ಕಡಿಯುವ ಸ್ವಿಚ್ಚು ತನ್ನ ಕೆಲಸ ಮುಗಿಯಿತೆಂದು ಕಾಯಿಲ್ ಆರಿಸಿಬಿಡುತ್ತದೆ.

ಈ 23 ಡಿಗ್ರಿಯ ವ್ಯತ್ಯಾಸದಲ್ಲೇ ಹಾಲು ಕಾಯಿಸುವ ಶಕ್ತಿಯೆಲ್ಲ ಇರುವುದು. 122 ಡಿಗ್ರಿಯ ಒಂದು ಲೀಟರ್ ನೀರಿನ ಮೇಲಿನ ಒತ್ತಡ ಇಳಿದರೆ ಅದು 98ಕ್ಕೆ ತಣಿಯುವ ತನಕ ಕುದಿಯುತ್ತಲೇ ಇರುತ್ತದೆ, ಸುಮಾರು 45 ಗ್ರಾಂ ಉಗಿ ಕೊಡುತ್ತದೆ. 150 ಮಿಲಿಲೀಟರ್ ತಣ್ಣನೆಯ ಹಾಲನ್ನು 60 ಡಿಗ್ರಿಗೆ ಏರಿಸಲು ಬೇಕಾದದ್ದು 13 ಗ್ರಾಂ ಮಾತ್ರ. ಅದೇ 99 ಡಿಗ್ರಿಯ ನೀರಿನ ಹತ್ತಿರ ಕೊಡಲು ಹೆಚ್ಚೇನೂ ಇಲ್ಲ. ಬುಸ್ಸೆಂದು ಬಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯೇ.

ಪರೀಕ್ಷೆಗೆ ಯಂತ್ರ ಬಿಚ್ಚಬೇಕಾಗಿಲ್ಲ. ಕಾದ ಮೇಲೆ ಉಗಿಯ ನಳ ತೆರೆದು, ಮುಳ್ಳು ಸೊನ್ನೆಯ ಹತ್ತಿರ ಇಳಿಯುವ ತನಕ ಖಾಲಿ ಬಿಡಿ. ಮುಚ್ಚಿ, ಮತ್ತೆ ಕಾಯಲು ಬಿಡಿ. ಎರಡನೆಯ ಸಲ ಉಗಿ ಜೋರಾಗಿ ಬಂದರೆ ಕಳ್ಳ ಸಿಕ್ಕ. ಆ ವಾಲ್ವನ್ನು ಬಿಚ್ಚುವುದು ಮಾತ್ರ ಪ್ಲಗ್ ಕಿತ್ತು, ಬಾಯ್ಲರ್ ಪೂರ್ತಿ ತಣಿದ ಮೇಲೆಯೇ. ಅದಕ್ಕೆ ಇನ್ನೊಂದು ಹೊಣೆಯೂ ಇದೆ. ಯಂತ್ರ ಆರಿಸಿದಾಗ ಉಗಿ ನೀರಾಗಿ ಒಳಗೆ ನಿರ್ವಾತ ಉಂಟಾಗುತ್ತದೆ. ಆಗ ವಾಲ್ವ್ ತೆರೆದು ಗಾಳಿ ಬಿಡದಿದ್ದರೆ ನಳಿಕೆಯ ತುದಿಯಲ್ಲಿ ಉಳಿದ ಹಾಲು ಬಾಯ್ಲರಿಗೆ ಸೇದಿಹೋಗಬಹುದು. ಬಿಸಿನೀರಿಗೆ ಹಳಸಿದ ಹಾಲಿನ ವಾಸನೆ ಬಂದರೆ ಅನುಮಾನ ಮೊದಲು ಇದರ ಮೇಲಿರಲಿ.

ದಿಂಡು ಕೆಳಗೇ ಸಿಕ್ಕಿಕೊಂಡರೆ ಇದರ ಉಲ್ಟಾ. ಮೇಲಿನಿಂದ ಉಗಿ ಸೋರುತ್ತಲೇ ಇರುತ್ತದೆ, ಒತ್ತಡ ಏರುವುದೇ ಇಲ್ಲ. ಒತ್ತಡ 1.5 ದಾಟಿ ಏರುತ್ತಲೇ ಹೋದರೆ ಸ್ವಿಚ್ಚಿನ ಸಂಪರ್ಕ ಅಂಟಿಕೊಂಡಿರಬಹುದು, ಕೂಡಲೇ ಮೇನ್ ಆರಿಸಿ. ಹೆಚ್ಚಿನ ಮನೆ ಯಂತ್ರಗಳಲ್ಲಿ 1.8ರಿಂದ 2 ಬಾರ್ ಸುಮಾರಿಗೆ ತೆರೆಯುವ ಸುರಕ್ಷಾ ವಾಲ್ವ್ ಇರುತ್ತದೆ. ಸೋರುತ್ತದೆಂದು ಅದನ್ನು ಬಿಗಿ ಮಾಡುವುದು, ಮುಚ್ಚುವುದು ಎಂದೂ ಕೂಡದು. ಬ್ಯಾಡಗಿಯ ಮೆಣಸಿನಕಾಯಿಯ ಸತ್ವ ತೆಗೆಯುವಂಥ ಕಾರ್ಖಾನೆಗಳ ದೊಡ್ಡ ಬಾಯ್ಲರುಗಳು ಸರಕಾರದ ತಪಾಸಣೆಗೆ ಒಳಪಡುತ್ತವೆ. ಬಾಯ್ಲರ್ ಕಾಯ್ದೆ 25 ಲೀಟರಿಗಿಂತ ಚಿಕ್ಕದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮನೆಯ ಯಂತ್ರಕ್ಕೆ ತಪಾಸಣೆ ಮಾಡುವವರು ಮನೆಯವರೇ.

ಇಷ್ಟಕ್ಕೂ ಆ ದಿಂಡು ಸಿಕ್ಕಿಕೊಂಡದ್ದು ಯಾಕೆ? ನಮ್ಮ ಕಡೆ ಉತ್ತರ ಬಹುಮಟ್ಟಿಗೆ ನೀರಿನಲ್ಲೇ ಇದೆ. ದೇವರಗುಡ್ಡದಲ್ಲಿ ಮಹಾನವಮಿಯ ಹೊತ್ತಿಗೆ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿಯುವಾಗ ಸೇರಿದ ಜನ ಕಿವಿಗೊಡುವುದು ಮುಖ್ಯವಾಗಿ ಮಳೆ ಬೆಳೆಯ ಸುಳಿವಿಗೆ. ಮಳೆ ಕೈಕೊಟ್ಟ ವರ್ಷ ಬೋರುಗಳು ಇನ್ನೂ ಆಳಕ್ಕೆ ಇಳಿಯುತ್ತವೆ. ಬಂಡೆಯೊಡನೆ ಬಹುಕಾಲ ಇದ್ದ ಆ ನೀರು ಸಾಮಾನ್ಯವಾಗಿ ಹೆಚ್ಚು ಸವಳು, ಅಂದರೆ ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕಾಯಿಸಿದೊಡನೆ ಒಡೆದು, ಇಂಗಾಲದ ಡೈಆಕ್ಸೈಡ್ ಹಾರಿ, ಸುಣ್ಣದ ಕಲ್ಲು ಉಳಿಯುತ್ತದೆ. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗಿದರೆ ಈ ಕಲ್ಲು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಆದ್ದರಿಂದ ಅತಿ ಬಿಸಿಯಾದ ಕಾಯಿಲ್ ಮೇಲೆಯೇ ಅದು ಮೊದಲು ಕೂರುತ್ತದೆ.

ಉಗಿಯ ಬಾಯ್ಲರಿಗೆ ಇನ್ನೊಂದು ಕಷ್ಟವಿದೆ. ಹೊರಹೋಗುವ ಉಗಿ ಬಹುತೇಕ ಶುದ್ಧ, ಲವಣವನ್ನೆಲ್ಲ ಹಿಂದೆ ಬಿಟ್ಟುಹೋಗುತ್ತದೆ. ದಿನವೂ ಉಗಿ ತೆಗೆದು ಹೊಸ ನೀರು ತುಂಬುತ್ತ ಹೋದರೆ ಒಳಗಿನ ನೀರು ಬೋರಿನ ನೀರಿಗಿಂತ ಹಲವು ಪಟ್ಟು ಗಡಸಾಗುತ್ತದೆ. ಇಂಥ ನೀರನ್ನು ಕಾರ್ಖಾನೆಯವರು ಆಗಾಗ ಹೊರಬಿಡುತ್ತಾರೆ. ಮನೆಯಲ್ಲಿ ಬಿಸಿನೀರಿನ ನಳದಿಂದ ದಿನಕ್ಕೊಂದು ದೊಡ್ಡ ಲೋಟ ನೀರು ತೆಗೆದರೆ ಅದೇ ಕೆಲಸವಾಗುತ್ತದೆ. ಈ ಒಂದು ಅಭ್ಯಾಸ ದುಬಾರಿ ಔಷಧಿಗಳಿಗಿಂತ ಹೆಚ್ಚು ಉಪಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಟ್ಟಿದ ಕಲ್ಲನ್ನು ಸಿಟ್ರಿಕ್ ಆಮ್ಲ, ಅಂದರೆ ಅಂಗಡಿಯ ನಿಂಬೆ ಉಪ್ಪು, ಕರಗಿಸುತ್ತದೆ. ಲೀಟರಿಗೆ ಸುಮಾರು 20 ಗ್ರಾಂ ಸಾಕು. ಬಾಯ್ಲರ್ ಅಲ್ಯೂಮಿನಿಯಮ್ಮಿನದಾದರೆ ತಯಾರಕರು ಒಪ್ಪಿದ ದ್ರಾವಣ ಬಿಟ್ಟು ಬೇರೆ ಹಾಕಬೇಡಿ. ಕುದಿಯುವ ಬಿಸಿಯಲ್ಲಿ ಈ ಕೆಲಸ ಬೇಡ, ಬೆಚ್ಚಗಿದ್ದರೆ ಸಾಕು. ಹುಟ್ಟುವ ಕ್ಯಾಲ್ಸಿಯಂ ಸಿಟ್ರೇಟ್ ಕೂಡ ಬಿಸಿ ಹೆಚ್ಚಿದಂತೆ ಕಡಿಮೆ ಕರಗುವ ಜಾತಿಯದು, ಒಂದು ಕಲ್ಲು ಹೋಗಿ ಇನ್ನೊಂದು ಕೂತೀತು. ಆಮೇಲೆ ಹುಳಿ ಪೂರ್ತಿ ಹೋಗುವ ತನಕ ತೊಳೆಯಬೇಕು. ಆನ್ ಮಾಡಿ ಸ್ವಲ್ಪ ಹೊತ್ತಿಗೆ ಮನೆಯ ಟ್ರಿಪ್ಪರ್ ಬೀಳುತ್ತಿದ್ದರೆ ಆಮ್ಲದಿಂದ ಉಪಯೋಗವಿಲ್ಲ. ಹೊದಿಕೆ ಬಿರುಕುಬಿಟ್ಟ ಕಾಯಿಲ್ ಒಳಗಿನ ಪುಡಿ ತೇವ ಹೀರಿ ಕರೆಂಟ್ ಸೋರುತ್ತಿರಬಹುದು. ಅದನ್ನು ಕೆಲಸ ಬಲ್ಲವರೇ ನೋಡಬೇಕು.

ಸವಳು ನೀರೇ ಬೇಡ, ಆರ್‌ಒ ನೀರು ಹಾಕಿದರಾಯಿತು ಎನ್ನುವವರು ಇದನ್ನು ಗಮನಿಸಬೇಕು. ಬಾಯ್ಲರಿನಲ್ಲಿ ನೀರಿನ ಮಟ್ಟ ಅಳೆಯುವುದು ಒಂದು ಲೋಹದ ಕಡ್ಡಿ. ನೀರು ಕಡ್ಡಿಗೆ ತಾಗಿದಾಗ ಅದರಲ್ಲಿರುವ ಲವಣದ ಮೂಲಕ ತುಸು ವಿದ್ಯುತ್ ಹರಿಯುತ್ತದೆ, ಪಂಪು ನಿಲ್ಲುತ್ತದೆ. ಲವಣವೇ ಇಲ್ಲದ ನೀರಿನಲ್ಲಿ ವಿದ್ಯುತ್ ಹರಿಯದೆ, ನೀರಿಲ್ಲವೆಂದೇ ಬಗೆದು ಪಂಪು ತುಂಬುತ್ತಲೇ ಇರುತ್ತದೆ. ಉಗಿಗೆ ಜಾಗವೇ ಇಲ್ಲದೆ ನಳಿಕೆ ಬಿಸಿನೀರು ಉಗುಳುತ್ತದೆ. ಸುಣ್ಣ ಮೆತ್ತಿದ ಕಡ್ಡಿಯೂ ಇದೇ ತಪ್ಪು ಮಾಡುತ್ತದೆ. ಹಾಗಾಗಿ ನಳಿಕೆ ನೀರು ಉಗುಳಿದರೆ ಮೊದಲು ಕೇಳಬೇಕಾದ್ದು, ಯಾವ ನೀರು ಹಾಕಿದಿರಿ ಎಂದು.

ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 600ರ ತನಕ ನಡೆಯುತ್ತದೆ. ಕಾಫಿ ಕ್ಷೇತ್ರದವರು ಹೇಳುವುದು 50ರಿಂದ 175. ಕುಡಿಯಲು ಯೋಗ್ಯವಾದ ನೀರು ಬಾಯ್ಲರಿಗೂ ಯೋಗ್ಯವಾಗಬೇಕೆಂದಿಲ್ಲ. ನಿಮ್ಮ ಬೋರಿನ ನೀರು 500 ಇದ್ದರೆ ಅದರ ಒಂದು ಪಾಲಿಗೆ ನಾಲ್ಕು ಪಾಲು ಆರ್‌ಒ ನೀರು ಬೆರೆಸಿ, 100ರ ಸುಮಾರಿಗೆ ಬರುತ್ತದೆ. ಅಷ್ಟರಲ್ಲಿ ಕಡ್ಡಿಗೂ ನೀರು ಗೊತ್ತಾಗುತ್ತದೆ, ಕಲ್ಲೂ ನಿಧಾನವಾಗಿ ಕಟ್ಟುತ್ತದೆ. ಬೋರಿನ ಗಡಸುತನ ಬೇಸಿಗೆಯಲ್ಲಿ ಒಂದು, ಮಳೆ ಹಿಡಿದ ಮೇಲೆ ಇನ್ನೊಂದು ಆಗಬಹುದು. ಆದ್ದರಿಂದ ಎರಡೂ ಕಾಲದಲ್ಲಿ ನೀರನ್ನು ಅಳೆಸಿ, ಬೆರೆಸುವ ಪ್ರಮಾಣವನ್ನು ಹೊಸದಾಗಿ ಲೆಕ್ಕ ಹಾಕಬೇಕು.