ಸಾಕುವವನಿಗೆ ಸಬ್ಸಿಡಿ, ಕೊಯ್ಯುವವನಿಗೆ?

ಯುಗಾದಿಯ ಮಾರನೆಯ ದಿನ ಹೊಸತೊಡಕು. ನಮ್ಮ ಮಂಡ್ಯ ಸೀಮೆಯಲ್ಲಿ ಅವತ್ತು ಕೋಳಿ ಕೂಗುವ ಮೊದಲೇ ಕಣದಲ್ಲೋ ತೋಟದ ಬದಿಯಲ್ಲೋ ಬಲ್ಬು ಹತ್ತಿರುತ್ತದೆ. ವರ್ಷವೆಲ್ಲ ಚೀಟಿ ಕಟ್ಟಿ ಕೂಡಿಸಿದ ದುಡ್ಡಲ್ಲಿ ತಂದ ಕುರಿಗಳನ್ನು ಕೊಯ್ದು, ತೆಂಗಿನ ಗರಿಯ ಮೇಲೆ ಗುಡ್ಡೆ ಹಾಕುತ್ತಾರೆ. ತೊಡೆಯ ತುಂಡು, ಪಕ್ಕೆಲುಬು, ಒಂದು ಚೂರು ಲಿವರ್, ಒಂದು ಹಿಡಿ ಬೋಟಿ, ಎಲ್ಲ ಗುಡ್ಡೆಗೂ ಸಮ. ಗುಡ್ಡೆ ಬಾಡಿನಷ್ಟು ನ್ಯಾಯವಾದ ಹಂಚಿಕೆಯನ್ನು ನಾನು ಯಾವ ಸರ್ಕಾರಿ ಯೋಜನೆಯಲ್ಲೂ ಕಂಡಿಲ್ಲ. ಆದರೆ ನಾನು ಪಶುವೈದ್ಯನಾಗಿ ಕೆಲಸ ಮಾಡಿ ನಿವೃತ್ತನಾದವನು. ಹಾಗಾಗಿ ನನ್ನ ಕಣ್ಣು ಗುಡ್ಡೆಯ ಮೇಲೆ ನಿಲ್ಲುವುದಿಲ್ಲ, ಪಕ್ಕದಲ್ಲಿ ನಾಲಿಗೆ ಚಾಚಿ ಕಾಯುತ್ತಿರುವ ನಾಯಿಗಳ ಕಡೆ ಹೋಗುತ್ತದೆ. ಯಾಕೆಂದು ಆಮೇಲೆ ಹೇಳುತ್ತೇನೆ.

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ 1.11 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ನಾವೇ. ಬನ್ನೂರು, ಹಾಸನ, ಡೆಕ್ಕನಿ, ಕೆಂಗುರಿ, ಬಳ್ಳಾರಿ ಎಂದು ತಳಿಗಳೂ ಬೇಕಾದಷ್ಟು. ಇವುಗಳನ್ನು ಸಾಕುವವರಿಗೆ ಸರ್ಕಾರ ಕೈ ಬಿಚ್ಚಿಯೇ ಕೊಡುತ್ತದೆ. ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್ನು 2021ರಲ್ಲಿ ಪರಿಷ್ಕರಿಸಿದ ಮೇಲೆ, ಐನೂರು ಹೆಣ್ಣು ಕುರಿ ಮತ್ತು ಇಪ್ಪತ್ತೈದು ಟಗರಿನ ಫಾರಂ ಮಾಡುವವನಿಗೆ ಬಂಡವಾಳದ ಅರ್ಧ, ಅಂದರೆ ಗರಿಷ್ಠ 50 ಲಕ್ಷ ರೂಪಾಯಿವರೆಗೆ ಸಹಾಯಧನವಿದೆ. ಲಸಿಕೆ ಇದೆ, ಮೇವಿನ ಬೀಜವಿದೆ, ವಿಮೆ ಇದೆ. ಒಳ್ಳೆಯದೇ. ಆದರೆ ಆ ಕುರಿ ಸಂತೆ ದಾಟಿ ಅಂಗಡಿಯ ಹಿಂದಿನ ಶೆಡ್ಡಿಗೆ ಹೋದ ಕೂಡಲೇ ಸರ್ಕಾರದ ಕೈ ಬಿಟ್ಟುಹೋಗುತ್ತದೆ. ಅಲ್ಲಿಂದ ನಮ್ಮ ನಿಮ್ಮ ಕುಕ್ಕರಿನವರೆಗಿನ ದಾರಿಯನ್ನು ನೋಡಿಕೊಳ್ಳುವವನು ಒಬ್ಬನೇ, ಮಚ್ಚು ಹಿಡಿದವನು. ಅವನಿಗೆ ಯಾರೂ ಏನೂ ಕಲಿಸಿಲ್ಲ.

ಹಾಲಿನ ಕಥೆ ನೋಡಿ. 1970ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲ ತಂದು ಡೇರಿ ಕಟ್ಟಿದೆವು. ಇವತ್ತು ಊರೂರಿಗೆ ಹಾಲಿನ ಸಂಘವಿದೆ, ಅಳೆಯುವ ಲ್ಯಾಕ್ಟೋಮೀಟರ್ ಇದೆ, ತಣ್ಣಗಿಡುವ ಟ್ಯಾಂಕಿದೆ, ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವಿದೆ. ಸಂಘದ ಕಾರ್ಯದರ್ಶಿಗೆ ತರಬೇತಿಯಿದೆ. ಹಾಲಿನಷ್ಟೇ ಬೇಗ ಕೆಡುವ, ಹಾಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಬೆಲೆಯ ಮಾಂಸಕ್ಕೆ ತಾಲ್ಲೂಕಿನಲ್ಲಿ ಒಂದು ತಣ್ಣನೆಯ ಕೋಣೆಯೂ ಇಲ್ಲ. ಮಾಂಸ ತಿನ್ನುವವರು ಕಡಿಮೆ ಎಂದೇನಲ್ಲ. ಅದರ ಬಗ್ಗೆ ಸಭೆಯಲ್ಲಿ ಎದ್ದು ನಿಂತು ಮಾತಾಡುವವರು ಕಡಿಮೆ. ಬಾಡೂಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರುವ ಮುಖಂಡರೂ ವಧಾಗಾರದ ವಿಷಯ ಬಂದರೆ ಗಂಟಲು ಸರಿಮಾಡಿಕೊಳ್ಳುತ್ತಾರೆ. 2022ರ ಹೊಸತೊಡಕಿನ ಹೊತ್ತಿಗೆ ಹಲಾಲೋ ಜಟ್ಕಾವೋ ಎಂದು ರಾಜ್ಯವೆಲ್ಲ ಗಂಟಲು ಹರಿದುಕೊಂಡಿತಲ್ಲ, ಆ ಗಲಾಟೆಯಲ್ಲಿ ಕತ್ತಿ ತೊಳೆದಿದ್ದಾರಾ ಎಂದು ಕೇಳಿದವರನ್ನು ನಾನು ನೋಡಲಿಲ್ಲ.

ಕಾನೂನಿಗೇನೂ ಬರವಿಲ್ಲ. 2001ರ ವಧಾಗಾರ ನಿಯಮಗಳ ಪ್ರಕಾರ ಪಟ್ಟಣದ ವ್ಯಾಪ್ತಿಯಲ್ಲಿ ಪರವಾನಗಿ ಇರುವ ವಧಾಗಾರದಲ್ಲಿ ಮಾತ್ರ ಪ್ರಾಣಿ ಕೊಯ್ಯಬೇಕು. ಗಬ್ಬದ ಕುರಿ ಕೂಡದು, ಮೂರು ತಿಂಗಳೊಳಗಿನ ಮರಿ ಕೂಡದು. ವೈದ್ಯ ಗಂಟೆಗೆ 12, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿ ನೋಡಬಾರದು, ಅಂದರೆ ಒಂದಕ್ಕೆ ಐದು ನಿಮಿಷವಾದರೂ ಕೊಡಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ ಲೆಕ್ಕದಲ್ಲಿ ದಿನಕ್ಕೆ ಹತ್ತು ಕುರಿ-ಮೇಕೆ ಅಥವಾ ಐವತ್ತು ಕೋಳಿಯವರೆಗೆ ಕೊಯ್ಯುವವನು ಸಣ್ಣ ವ್ಯಾಪಾರಿ, ನೋಂದಣಿ ಸಾಕು. ಅದು ಮೀರಿ ನೂರೈವತ್ತು ಕುರಿಯವರೆಗೆ ರಾಜ್ಯದ ಲೈಸೆನ್ಸ್. ಕಾಗದದ ಮೇಲೆ ಚೆನ್ನಾಗಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಪಟ್ಟಣದ ವಧಾಗಾರಕ್ಕೆ ತಪಾಸಣೆಗೆ ಹೋಗುತ್ತಿದ್ದೆ. ನಲ್ಲಿ ಇತ್ತು, ನೀರಿರಲಿಲ್ಲ. ಕೊಕ್ಕೆಗಳಿದ್ದ ತೊಲೆ ತುಕ್ಕು ಹಿಡಿದು ಕುಸಿದಿತ್ತು. ಹಾಗಾಗಿ ಎಲ್ಲರೂ ಅಂಗಡಿಯ ಹಿಂದೆಯೇ ಕೊಯ್ದು, ಮುದ್ರೆಗೆ ಮಾತ್ರ ನನ್ನ ಹತ್ತಿರ ಬರುತ್ತಿದ್ದರು. "ಡಾಕ್ಟ್ರೇ, ಬಿಸಿಲು ಏರ್ತಾ ಅದೆ, ಗುದ್ದ್‌ಬುಡಿ" ಎನ್ನುವರು. ಒಳಗಿನ ಅಂಗಾಂಗ ಎಲ್ಲಿ ಎಂದರೆ ಆಗಲೇ ಮಾರಾಟವಾಗಿರುತ್ತಿತ್ತು.

ಅವರಲ್ಲಿ ಒಬ್ಬ ಹಿರಿಯರಿದ್ದರು. ನಾವೆಲ್ಲ ಭಾಯಿ ಎಂದೇ ಕರೆಯುತ್ತಿದ್ದೆವು. ಕುರಿ ಸುಲಿಯುವುದನ್ನು ನೋಡಬೇಕಿದ್ದರೆ ಅವರನ್ನು ನೋಡಬೇಕು. ಹಿಂಗಾಲಿನ ಕೀಲಿನ ಮೇಲೆ ಕತ್ತಿಯಿಂದ ಒಂದು ಸುತ್ತು, ತೊಡೆಯ ಒಳಗಿಂದ ಒಂದು ಗೀಟು, ಅಷ್ಟೇ. ಅಲ್ಲಿಂದಾಚೆ ಕತ್ತಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಚರ್ಮಕ್ಕೂ ಮಾಂಸಕ್ಕೂ ನಡುವೆ ಮುಷ್ಟಿ ತೂರಿಸಿ ಗುದ್ದುತ್ತ ಹೋಗುವರು. ಚರ್ಮ ಅಂಗಿ ಬಿಚ್ಚಿದ ಹಾಗೆ ಕಳಚಿ ಬರುತ್ತಿತ್ತು, ಒಂದು ಗೀರಿಲ್ಲದೆ. ಗೀರು ಬಿದ್ದ ಚರ್ಮಕ್ಕೆ ಹದ ಮಾಡುವವರು ಬೆಲೆ ಕಟ್ಟುವುದಿಲ್ಲ. ಈ ಕೈಚಳಕವನ್ನು ಅವರು ಹುಡುಗನಾಗಿದ್ದಾಗ ಅಪ್ಪನಿಂದ ಕಲಿತದ್ದು. ಯಾವ ಕಾಲೇಜೂ ಇದನ್ನು ಅವರಿಗಿಂತ ಚೆನ್ನಾಗಿ ಕಲಿಸಲಾರದು.

ಅಪ್ಪ ಕಲಿಸದೆ ಬಿಟ್ಟದ್ದೂ ಇದೆ. ಅದೇ ಮುಷ್ಟಿ ಹೊರಗಿನ ಉಣ್ಣೆಯನ್ನೂ ಹಿಡಿಯುತ್ತದೆ, ಒಳಗಿನ ಮಾಂಸವನ್ನೂ ಒತ್ತುತ್ತದೆ. ಉಣ್ಣೆಯಲ್ಲಿ ಹಿಕ್ಕೆ, ಮಣ್ಣು, ಅದರ ಜೊತೆ ಬರುವ ರೋಗಾಣು. ಒಂದು ಕೈ ಉಣ್ಣೆಗೆ, ಇನ್ನೊಂದು ಕೈ ಮಾಂಸಕ್ಕೆ ಎಂದು ನೇಮ ಮಾಡಿಕೊಂಡರೆ ಅರ್ಧ ಕೊಳೆ ಅಲ್ಲಿಗೇ ನಿಲ್ಲುತ್ತದೆ. ಅನ್ನನಾಳಕ್ಕೂ ಗುದದ ಕಡೆಯ ಕರುಳಿಗೂ ದಾರದಲ್ಲಿ ಒಂದೊಂದು ಗಂಟು ಹಾಕಿಕೊಂಡು ಹೊಟ್ಟೆ ತೆಗೆದರೆ ಒಳಗಿನದು ಮಾಂಸದ ಮೇಲೆ ಚೆಲ್ಲುವುದಿಲ್ಲ. ಎರಡು ಕತ್ತಿ ಇಟ್ಟುಕೊಂಡು, ಒಂದು ಕೈಯಲ್ಲಿದ್ದಾಗ ಇನ್ನೊಂದು 82 ಡಿಗ್ರಿಯ ಬಿಸಿನೀರಿನಲ್ಲಿ ಮುಳುಗಿರಬೇಕು. ಇದಕ್ಕೆಲ್ಲ ಬೇಕಾದ್ದು ದಾರದುಂಡೆ, ಗೀಸರು, ಇನ್ನೊಂದು ಕತ್ತಿ. ಭಾಯಿಗೆ ಗಂಟಿನ ವಿಷಯ ತೋರಿಸಿಕೊಟ್ಟ ದಿನ ಅವರು ನಕ್ಕು, "ಇಷ್ಟೇನಾ? ಇದನ್ನ ಹೇಳೋಕೆ ಒಬ್ರು ಡಾಕ್ಟ್ರು ಬರ್‌ಬೇಕಾಯ್ತಾ" ಅಂದರು. ಮಾರನೆಯ ದಿನದಿಂದ ಗಂಟು ಹಾಕಿದರು.

ಈಗ ನಾಯಿಯ ವಿಷಯ. ಕುರಿಯ ಲಿವರಿನಲ್ಲಿ, ಶ್ವಾಸಕೋಶದಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳಿರುತ್ತವೆ. ಕಡಲೆಯಷ್ಟರಿಂದ ಹಿಡಿದು ನಿಂಬೆಹಣ್ಣು, ಕಿತ್ತಳೆಯಷ್ಟು ದೊಡ್ಡದಾದವೂ ಉಂಟು. ಹೈಡ್ಯಾಟಿಡ್ ಎನ್ನುವ ರೋಗ ಅದು. ಕಸುಬು ಬಲ್ಲವನು ಅಂಥ ಲಿವರನ್ನು ಗಿರಾಕಿಗೆ ಕೊಡುವುದಿಲ್ಲ, ಅಷ್ಟು ಮರ್ಯಾದಸ್ಥ. ಅದನ್ನು ಕೊಯ್ದು ಬಾಗಿಲಲ್ಲಿ ಕೂತ ನಾಯಿಗೆ ಎಸೆಯುತ್ತಾನೆ. ಆ ಗುಳ್ಳೆಯ ನೀರಿನಲ್ಲಿ ಇರುವುದು ಲಾಡಿಹುಳುವಿನ ಮರಿಗಳು. ನಾಯಿಯ ಕರುಳಿನಲ್ಲಿ ಅವು ಹುಳುವಾಗಿ ಬೆಳೆದು ಮೊಟ್ಟೆಯಿಡುತ್ತವೆ. ಮೊಟ್ಟೆ ನಾಯಿಯ ಮಲದಲ್ಲಿ ಹುಲ್ಲಿಗೆ ಬೀಳುತ್ತದೆ, ಕುರಿ ಮೇಯುತ್ತದೆ, ಮತ್ತೆ ಗುಳ್ಳೆ. ನಾಯಿಯನ್ನು ಮುದ್ದಿಸಿದ ಮಗು ಕೈ ತೊಳೆಯದೆ ಬಾಯಿಗಿಟ್ಟುಕೊಂಡರೆ ಗುಳ್ಳೆ ಮಗುವಿನ ಲಿವರಿನಲ್ಲಿ. ಅದು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಕೊನೆಗೆ ಆಪರೇಷನ್ ಟೇಬಲ್ಲಿಗೆ ತರುತ್ತದೆ. ಮಾಂಸ ಮುಟ್ಟದ ಮನೆಯ ಮಗುವಿಗೂ ಇದು ಬರಬಹುದು, ನಾಯಿಗೆ ಅವರಿವರ ಮನೆ ಎನ್ನುವ ಭೇದವಿಲ್ಲ.

ಈ ಸರಪಳಿಯನ್ನು ಸುಲಭವಾಗಿ ಕಡಿಯಬಹುದಾದ ಜಾಗ ಕೊಯ್ಯುವವನ ಕೈ. ಆ ಲಿವರ್ ನಾಯಿಯ ಬಾಯಿಗೆ ಹೋಗದೆ ಸುಣ್ಣ ಹಾಕಿದ ಆಳದ ಗುಂಡಿಗೆ ಹೋದರೆ ಕಥೆ ಮುಗಿಯಿತು. ಇದನ್ನು ಕಲಿಸಲು ಅರ್ಧ ಗಂಟೆ ಸಾಕು. ಕಟುಕನಿಗೆ ತರಬೇತಿ ಕೊಡಲು ಸಾರ್ವಜನಿಕರ ದುಡ್ಡು ಯಾಕೆ, ಲಾಭ ಮಾಡುವವನೇ ಕಟ್ಟಲಿ ಎನ್ನುವ ಸಸ್ಯಾಹಾರಿ ಮಿತ್ರರಿಗೆ ನಾನು ಕೊಡುವ ಉತ್ತರ ಇದೇ.

ಗಿರಾಕಿಗಳಾದ ನಮ್ಮ ಕಥೆಯೂ ಇದೆ. ನಮಗೆ ಕಣ್ಣೆದುರೇ ಕೊಯ್ದ ಬಿಸಿ ಮಾಂಸ ಬೇಕು, ಫ್ರಿಜ್ಜಿನದು ಎಂದರೆ ಮೂಗು ಮುರಿಯುತ್ತೇವೆ. ಸಂತೆಯಿಂದ ಓಡಿಸಿಕೊಂಡು ಬಂದ ಕುರಿಯನ್ನು ನೀರೂ ಕುಡಿಸದೆ ಕೊಯ್ದರೆ ಅದರ ಸ್ನಾಯುವಿನಲ್ಲಿ ಸಕ್ಕರೆಯ ಅಂಶ ಖಾಲಿಯಾಗಿರುತ್ತದೆ. ಮಾಂಸಕ್ಕೆ ಬರಬೇಕಾದ ಹುಳಿ ಬರುವುದಿಲ್ಲ, ಬಣ್ಣ ಕಪ್ಪಾಗುತ್ತದೆ, ಬೇಗ ಹಳಸುತ್ತದೆ. ಚೆನ್ನಾಗಿ ದಣಿವಾರಿಸಿದ ಕುರಿಯದ್ದಾದರೂ ಕೊಯ್ದ ಕೆಲವು ತಾಸಿಗೆ ಮಾಂಸ ಸೆಟೆದುಕೊಳ್ಳುತ್ತದೆ. ಬೆಳಗ್ಗೆ ತಂದು ಮಧ್ಯಾಹ್ನ ಬೇಯಿಸಿದ ಮಟನ್ನು ಎಂಟು ಕೂಗು ಕೂಗಿಸಿದರೂ ರಬ್ಬರಿನಂತೆ ಉಳಿಯುವುದು ಇದಕ್ಕೇ, ಮುದಿ ಕುರಿ ಕೊಟ್ಟ ಎಂದು ಅಂಗಡಿಯವನನ್ನು ಬೈಯುವುದು ಎಲ್ಲ ಸಲವೂ ನ್ಯಾಯವಲ್ಲ. 0ರಿಂದ 4 ಡಿಗ್ರಿಯ ಕೋಣೆಯಲ್ಲಿ ಒಂದು ದಿನ ತೂಗುಹಾಕಿದರೆ ಸೆಟೆತ ಬಿಟ್ಟು ತಾನಾಗಿ ಮೆತ್ತಗಾಗುತ್ತದೆ. ಅಂಥ ಒಂದು ಕೋಣೆಯನ್ನು ದಿನಕ್ಕೆ ನಾಲ್ಕು ಕುರಿ ಕೊಯ್ಯುವವನು ಸ್ವಂತಕ್ಕೆ ಕಟ್ಟಲಾರ. ಹತ್ತು ಜನ ಸೇರಿದರೆ ಕಟ್ಟಬಹುದು, ಸರ್ಕಾರ ಅರ್ಧ ಹಾಕಿದರೆ.

ಹಾಕುವ ಸರ್ಕಾರಗಳಿವೆ. ಅಮೆರಿಕದಲ್ಲಿ ದನದ ಮಾಂಸದ ಸುಮಾರು ಶೇ 85ರಷ್ಟು ನಾಲ್ಕೇ ಕಂಪನಿಗಳ ಕೈಯಲ್ಲಿದೆ. 2020ರ ವಸಂತದಲ್ಲಿ ಕೋವಿಡ್ಡಿಗೆ ಅವರ ದೊಡ್ಡ ಕಾರ್ಖಾನೆಗಳು ಮುಚ್ಚಿದಾಗ ಅಂಗಡಿಯ ಕಪಾಟು ಖಾಲಿ. ಅತ್ತ ರೈತರು ಕೊಳ್ಳುವವರಿಲ್ಲದೆ ಹಂದಿಗಳನ್ನು ಕೊಂದು ಹೂಳಿದರು. ಆಮೇಲೆ ಬುದ್ಧಿ ಬಂತು. 2022ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಸಣ್ಣ, ಸ್ವತಂತ್ರ ಮಾಂಸ ಘಟಕಗಳಿಗೆಂದು 100 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 7,500 ಕೋಟಿ ರೂಪಾಯಿ ಘೋಷಿಸಿತು. ಅದರಲ್ಲಿ 10 ಕೋಟಿ ಡಾಲರ್ ಕೆಲಸಗಾರರ ತರಬೇತಿಗೇ. ನನಗೆ ಹೆಚ್ಚು ಹಿಡಿಸಿದ್ದು ಅದಕ್ಕೂ ಮೊದಲು 2021ರಲ್ಲಿ ಮಾಡಿದ ಸಣ್ಣ ಕೆಲಸ. ಕೆಲಸದ ವೇಳೆ ಮೀರಿ ತಪಾಸಣೆಗೆ ಬರುವ ಸರ್ಕಾರಿ ಇನ್‌ಸ್ಪೆಕ್ಟರಿಗೆ ಘಟಕದವರು ತೆರಬೇಕಾದ ಶುಲ್ಕವನ್ನು ಅತಿ ಸಣ್ಣವರಿಗೆ ಶೇ 75ರಷ್ಟು ಇಳಿಸಿದರು. ಡಾಕ್ಟರನ್ನು ಕಂಡರೆ ಓಡುವ ಬದಲು ಕರೆಯುವ ಹಾಗೆ ಮಾಡುವ ದಾರಿ ಇದು.

ನಮ್ಮಲ್ಲಿ ಯೋಜನೆ ಇಲ್ಲವೆಂದಲ್ಲ. 2020ರಲ್ಲಿ 15,000 ಕೋಟಿಯೊಂದಿಗೆ ಶುರುವಾದ ಪಶುಸಂಗೋಪನಾ ಮೂಲಸೌಕರ್ಯ ನಿಧಿಯಲ್ಲಿ ಮಾಂಸ ಸಂಸ್ಕರಣೆಗೂ ಸಾಲ ಸಿಗುತ್ತದೆ, ಬಡ್ಡಿಯಲ್ಲಿ ಶೇ 3 ರಿಯಾಯಿತಿ. ಆದರೆ ಅದು ಪ್ರಾಜೆಕ್ಟ್ ರಿಪೋರ್ಟು ಬರೆಸಬಲ್ಲವರ ಬಾಬತ್ತು. ಸಣ್ಣವರಿಗೆ ಹತ್ತಿರದ್ದು ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆ: ಕೇಂದ್ರದ ಶೇ 35ಕ್ಕೆ ಕರ್ನಾಟಕ ಇನ್ನೂ ಶೇ 15 ಸೇರಿಸಿ ಗರಿಷ್ಠ 15 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಅದರ ಮಾರ್ಗಸೂಚಿಯಲ್ಲಿ ಮಾಂಸದ ಹೆಸರೂ ಇದೆ. ಬೆಲ್ಲ, ಉಪ್ಪಿನಕಾಯಿ, ರಾಗಿ ಮಾಲ್ಟಿನ ಪೋಸ್ಟರುಗಳನ್ನು ಎಲ್ಲ ಕಚೇರಿಯಲ್ಲೂ ಕಂಡಿದ್ದೇನೆ, ಮಟನ್ನಿನದೊಂದು ಪೋಸ್ಟರನ್ನು ಯಾರೂ ಅಂಟಿಸಿಲ್ಲ. ಕಲಿಯುವುದಕ್ಕೆ ಹೈದರಾಬಾದಿನ ಚೆಂಗಿಚೆರ್ಲದಲ್ಲಿ ರಾಷ್ಟ್ರೀಯ ಮಾಂಸ ಸಂಶೋಧನಾ ಸಂಸ್ಥೆಯಿದೆ, ಶುಚಿಯಾಗಿ ಕೊಯ್ಯುವುದನ್ನು ಕೈಹಿಡಿದು ಕಲಿಸುತ್ತಾರೆ. ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೇ ಒಂದು ವಿಭಾಗವಿದೆ, ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಮಾಂಸದ ತಂತ್ರಜ್ಞಾನ ಬಲ್ಲ ವಿಜ್ಞಾನಿಗಳಿದ್ದಾರೆ. ಜ್ಞಾನಕ್ಕೆ ಕೊರತೆಯಿಲ್ಲ, ಅದು ಮಳವಳ್ಳಿಯ ಮಟನ್ ಸ್ಟಾಲಿಗೆ ಬಸ್ಸು ಹತ್ತಿ ಬರಬೇಕು ಅಷ್ಟೇ.

ಕೋಟಿಗಟ್ಟಲೆಯ ದೊಡ್ಡ ವಧಾಗಾರಗಳ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಅವು ರಫ್ತಿಗೆ ಸರಿ. ಬೆಳಗ್ಗೆ ಆರಕ್ಕೆ ಅಂಗಡಿ ತೆರೆಯುವವನು ನಾಲ್ಕು ಕುರಿಗೆ ಐವತ್ತು ಕಿಲೋಮೀಟರ್ ಹೋಗಿ ಬರುವುದಿಲ್ಲ. ತಾಲ್ಲೂಕಿಗೊಂದು, ದಿನಕ್ಕೆ ಮೂವತ್ತು ನಲವತ್ತು ಕುರಿಯ ಶೆಡ್ಡು ಸಾಕು. ರಾತ್ರಿ ಕುರಿ ನಿಲ್ಲಲು ನೆರಳು ಮತ್ತು ನೀರಿನ ತೊಟ್ಟಿ, ತೂಗುಹಾಕುವ ಕಂಬಿ, ಬಿಸಿನೀರು, ತಣ್ಣನೆಯ ಕೋಣೆ, ಮುಚ್ಚಿದ ಗುಂಡಿ, ನಾಯಿ ನುಗ್ಗದ ಬೇಲಿ. ಕೊಯ್ಯುವ ಕ್ರಮ ಅವರವರ ಧರ್ಮದ್ದು, ಅದರಲ್ಲಿ ಇಲಾಖೆ ತಲೆಹಾಕಬೇಕಿಲ್ಲ. ಬೆಳಗಿನ ಜಾವ ಒಬ್ಬ ವೈದ್ಯ ಅಲ್ಲಿರಬೇಕು, ಅವನ ಭತ್ಯೆಯನ್ನು ಸರ್ಕಾರ ಕೊಡಬೇಕು.

ಇದನ್ನೆಲ್ಲ ಈಚೆಗೆ ಭಾಯಿಯ ಮಗನ ಮುಂದೆ ಹೇಳಿದೆ. ಈಗ ಅಂಗಡಿ ಅವನದೇ. ತರಬೇತಿ ಇಟ್ಟರೆ ಬರುತ್ತೀಯಾ ಎಂದೆ. ಹುಣಸೆ ಕೊರಡಿನ ಮೇಲೆ ಪಕ್ಕೆಲುಬು ತುಂಡರಿಸುತ್ತಲೇ ಕೇಳಿದ: "ಮೂರು ದಿನ ಬಂದ್ರೆ ಆ ಮೂರು ದಿನದ ಕೂಲಿ ಯಾರು ಕೊಡ್ತಾರೆ ಡಾಕ್ಟ್ರೇ? ನಂದಿರ್ಲಿ, ಈ ಇಬ್ರು ಹುಡುಗ್ರದ್ದು?" ನ್ಯಾಯವಾದ ಪ್ರಶ್ನೆ. ದಿನಗೂಲಿ ಕಟ್ಟಿಕೊಡದೆ ತರಬೇತಿ ಇಟ್ಟರೆ ಬರುವವರು ಫೋಟೋಕ್ಕೆ ನಿಲ್ಲುವವರು ಮಾತ್ರ. ಸರಿ, ಅದನ್ನೂ ಬರೆಯುತ್ತೇನೆ, ಯಾವಾಗ ಇಡೋಣ ಹೇಳು ಎಂದೆ.

"ಶ್ರಾವಣದಲ್ಲಿ ಇಡ್ಸಿ. ಆಗ ಅರ್ಧ ದಿನ ನೊಣ ಹೊಡ್ಕೊಂಡೇ ಕೂತಿರ್ತೀವಿ, ಎಲ್ರೂ ಬರ್ತೀವಿ. ಗಣೇಶನ ಹಬ್ಬ ಕಳೆದ್‌ಮೇಲೆ ಮಾತ್ರ ಕರೀಬೇಡಿ, ಪಿತೃಪಕ್ಷ ಶುರುವಾಯ್ತದೆ, ಕೈಗೆ ಬಿಡುವಿರಲ್ಲ" ಎಂದ. ಗಿರಾಕಿಯ ಕಡೆ ತಿರುಗಿ, ಚರ್ಬಿ ಎಷ್ಟು ಹಾಕಲಿ ಎಂದು ಕೇಳಿದ.